ಆಮೆ ಕಳಿಸಿದ ಕಾರ್ಡು

ಮಕ್ಕಳ ಜೊತೆ ಶುಭಾಶಯದ ಕಾರ್ಡು ಮಾಡಲು ಕೂತರೆ ನಾನು ಬಣ್ಣದ ಡಬ್ಬಿಯನ್ನು ತಕ್ಷಣ ಹೊರಗೆ ತೆಗೆಯುವುದಿಲ್ಲ. ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಕಾರ್ಡು ಯಾರಿಗೆ? ಕಥೆಯೊಳಗಿಂದ ಯಾರನ್ನು ಅವರ ಮನೆಗೆ ಕಳಿಸೋಣ?

ಎರಡನೇ ಪ್ರಶ್ನೆಗೆ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಶುರುವಾಗುತ್ತದೆ ನೋಡಿ ಜಗಳ. ಕಾಲು ಮುರಿದುಕೊಂಡು ಮಲಗಿದ್ದ ಗೆಳೆಯನಿಗೆ ಕಾರ್ಡು ಮಾಡುವಾಗ ಒಬ್ಬ ಹುಡುಗ ಮೊಲವನ್ನು ಕಳಿಸೋಣ ಅಂದ. ಆ ಗೆಳೆಯ ಓಟದಲ್ಲಿ ಯಾವಾಗಲೂ ಮುಂದು, ಅದಕ್ಕೆ. ಪಕ್ಕದಲ್ಲಿದ್ದ ಅವನ ತಂಗಿ ಒಪ್ಪಲಿಲ್ಲ. "ಓಡಕ್ಕಾಗದೆ ಮಲಗಿರೋನ ಮುಂದೆ ಹೋಗಿ ಮೊಲ ಕುಣಿದರೆ ಅವನಿಗೆ ಬೇಜಾರಾಗಲ್ವಾ? ಆಮೆಯನ್ನ ಕಳಿಸು. ನಿಧಾನ ಅಂದರೆ ಏನು ಅಂತ ಆಮೆಗೆ ಗೊತ್ತು." ಅಣ್ಣ ಗೊಣಗಿದ, ಆದರೆ ಎದುರು ಮಾತು ಸಿಗಲಿಲ್ಲ. ಹೋಗಿದ್ದು ಆಮೆಯೇ. ಒಳಗೆ ಇದ್ದದ್ದು ಇಷ್ಟೇ: "ನಾನೂ ನಿಧಾನಾನೇ. ಒಟ್ಟಿಗೆ ನಡೆಯೋಣ." ಕೆಳಗೆ ಆಮೆಯ ಸಹಿ.

ಆ ಜಾಗದಲ್ಲಿ ನಾವು ದೊಡ್ಡವರು ಏನು ಬರೆಯುತ್ತಿದ್ದೆವು? "ಬೇಗ ಗುಣಮುಖರಾಗಿ." ತಪ್ಪೇನಿಲ್ಲ, ಆದರೆ ಅದು ಯಾರಿಗೆ ಬೇಕಾದರೂ ಹೋಗಬಹುದಾದ ಮಾತು. ಮಕ್ಕಳಿಗೆ ನಾವು ಅದನ್ನೇ ಬೋರ್ಡಿನ ಮೇಲೆ ಬರೆದುಕೊಟ್ಟು ನಕಲು ಮಾಡಿಸುತ್ತೇವೆ. ಮಗುವಿಗೆ ಅದರಲ್ಲಿ ಯೋಚಿಸಲು ಏನೂ ಉಳಿಯುವುದಿಲ್ಲ. ಸುತ್ತಲೂ ಒಂದು ಹೂವು, ಒಂದು ಚಿಟ್ಟೆ, ಮೂಲೆಯಲ್ಲಿ ಸೂರ್ಯ ಬರೆದು ಎದ್ದುಹೋಗುತ್ತದೆ.

ಕಥೆಯ ಪಾತ್ರ ಬಂದಾಗ ಲೆಕ್ಕವೇ ಬದಲಾಗುತ್ತದೆ. ಪಾತ್ರವನ್ನು ಬರೀ ಮುಖಪುಟದ ಚಿತ್ರವಾಗಿ ಇಟ್ಟರೆ ಸಾಲದು, ಕಾರ್ಡು ಕಳಿಸುವವರನ್ನಾಗಿಯೇ ಮಾಡಬೇಕು ಅನ್ನುವುದು ನನ್ನ ಹಟ. ಆಗ ಮಗು ಎರಡು ಕಡೆ ಯೋಚಿಸಬೇಕಾಗುತ್ತದೆ. ಈ ಪಾತ್ರದ ಸ್ವಭಾವ ಏನು? ಕಾರ್ಡು ಸಿಗುವವರ ಪರಿಸ್ಥಿತಿ ಏನು? ಇವರಿಬ್ಬರೂ ಎದುರುಬದುರು ಕೂತರೆ ಏನು ಮಾತಾಡುತ್ತಾರೆ? ಇದು ಸಣ್ಣ ಕೆಲಸ ಅಲ್ಲ. ಆದರೆ ಆರು ವರ್ಷದ ಮಕ್ಕಳು ಅದನ್ನು ಸಲೀಸಾಗಿ ಮಾಡುತ್ತಾರೆ, ಯಾಕಂದರೆ ಅವರಿಗೆ ಅದು ಆಟ.

ಇನ್ನೊಂದು ಅನುಕೂಲ ಇದೆ. ನೇರವಾಗಿ ಹೇಳಲಾಗದ್ದನ್ನು ಪಾತ್ರದ ಬಾಯಲ್ಲಿ ಹೇಳಿಸಬಹುದು. ಗೆಳತಿಯ ಪೆನ್ಸಿಲ್ ಡಬ್ಬಿ ಮುರಿದು ಹಾಕಿದ್ದ ಒಬ್ಬ ಹುಡುಗಿ "ಸಾರಿ" ಅಂತ ಬರೆಯಲು ಸುತಾರಾಂ ತಯಾರಿರಲಿಲ್ಲ. ಆದರೆ ಹೆಂಡತಿಗೋಸ್ಕರ ಮಂಗನ ಹೃದಯ ತರಲು ಹೊರಟಿದ್ದ ಮೊಸಳೆ ಕ್ಷಮೆ ಕೇಳಬೇಕೋ ಬೇಡವೋ ಅಂತ ಕೇಳಿದ್ದಕ್ಕೆ, "ಕೇಳಲೇಬೇಕು, ಫ್ರೆಂಡಿಗೆ ಯಾರಾದ್ರೂ ಹಾಗೆ ಮಾಡ್ತಾರಾ" ಅಂದಳು. ಸರಿ, ಮೊಸಳೆಯೇ ಬರೆಯಲಿ. ಮೊಸಳೆ ಬರೆಯಿತು: "ಪ್ರೀತಿಯ ಮಂಗ, ನಿನ್ನ ಹೃದಯ ಕೇಳಿದ್ದು ತಪ್ಪಾಯ್ತು. ಪೆನ್ಸಿಲ್ ಡಬ್ಬಿ ಮುರಿದಿದ್ದೂ ತಪ್ಪಾಯ್ತು." ಗೆಳತಿಗೆ ಅರ್ಥವಾಗದೆ ಇರುತ್ತದೆಯೇ!

ಸಿಂಹ ಮತ್ತು ಇಲಿಯ ಕಥೆ ಧನ್ಯವಾದದ ಕಾರ್ಡಿಗೆ ಹೇಳಿ ಮಾಡಿಸಿದ್ದು. ಸೈಕಲ್ ಚೈನು ಹಾಕಿಕೊಟ್ಟ ತಾತನಿಗೆ ಮೊಮ್ಮಗ ಆ ಕಾರ್ಡು ಮಾಡಿದರೆ ಅವನೇ ಸಿಂಹ, ತಾತ ಇಲಿ! ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾಗಿರುವ ಹುಡುಗನಿಗೆ ಈ ಅದಲುಬದಲು ಎಷ್ಟು ಖುಷಿ ಕೊಡುತ್ತದೆ ಅಂದರೆ, ಅವನು ಸಿಂಹದ ಕೇಸರವನ್ನು ಪುಟದ ಅಂಚಿನ ತನಕ ಬರೆದು, ಇಲಿಗೆ ಕನ್ನಡಕ ಹಾಕಿ, ಕೈಗೆ ಸ್ಪ್ಯಾನರ್ ಕೊಡುತ್ತಾನೆ.

ಕಥೆಪುಸ್ತಕದ ಪಾತ್ರಕ್ಕೂ ಕಾರ್ಡಿಗೂ ಇರುವ ನಂಟು ಹಳೆಯದು. ಇಂಗ್ಲೆಂಡಿನ ಮಕ್ಕಳ ಲೇಖಕಿ ಬೀಟ್ರಿಕ್ಸ್ ಪಾಟರ್ ಹೆಸರು ಕೇಳಿದರೆ ನಮಗೆ ನೆನಪಾಗುವುದು ನೀಲಿ ಕೋಟು ಹಾಕಿದ ಮೊಲದ ಪುಸ್ತಕ. ಆದರೆ ಅಚ್ಚಾಗಿ ಹೊರಬಂದ ಅವಳ ಮೊದಲ ಮೊಲಗಳು ಪುಸ್ತಕದಲ್ಲಿ ಇರಲಿಲ್ಲ. 1890ರಲ್ಲಿ ಲಂಡನ್ನಿನ ಹಿಲ್ಡೆಶೈಮರ್ ಅಂಡ್ ಫಾಕ್ನರ್ ಎಂಬ ಸಂಸ್ಥೆ ಅವಳ ಚಿತ್ರಗಳನ್ನು ಕೊಂಡು ಶುಭಾಶಯದ ಕಾರ್ಡುಗಳಾಗಿ ಅಚ್ಚು ಹಾಕಿತು. ಚಿತ್ರಕ್ಕೆ ಮಾದರಿ ಅವಳೇ ಸಾಕಿದ್ದ ಬೆಂಜಮಿನ್ ಅನ್ನುವ ಮೊಲ.

ನನಗೆ ಜಾಸ್ತಿ ಇಷ್ಟವಾಗುವುದು ಅದರ ಮುಂದಿನ ಭಾಗ. 1893ರ ಸೆಪ್ಟೆಂಬರಿನಲ್ಲಿ ಅವಳು ಸ್ಕಾಟ್ಲೆಂಡಿನಲ್ಲಿದ್ದಳು. ಅವಳಿಗೆ ಹಿಂದೆ ಮನೆಪಾಠ ಹೇಳಿದ್ದವರ ಮಗ, ಐದು ವರ್ಷದ ನೋಯೆಲ್ ಮೂರ್, ಕಾಯಿಲೆ ಬಿದ್ದು ಮಲಗಿದ್ದ. ಅವನಿಗೆ ಪತ್ರ ಬರೆಯಲು ಕೂತವಳು ಆರೋಗ್ಯ ವಿಚಾರಿಸುವ ಮಾತನ್ನೆಲ್ಲ ಬಿಟ್ಟು ನಾಲ್ಕು ಮೊಲದ ಮರಿಗಳ ಕಥೆ ಹೇಳಿದಳು. ಸಾಲುಗಳ ನಡುವೆ ನಡುವೆ ಪೆನ್ನಿನಲ್ಲೇ ಗೀಚಿದ ಸಣ್ಣ ಚಿತ್ರಗಳು. ಆ ಹುಡುಗ ಪತ್ರವನ್ನು ಎಸೆಯಲಿಲ್ಲ. ವರ್ಷಗಳ ಮೇಲೆ ಅದನ್ನು ಪುಸ್ತಕ ಮಾಡಬೇಕೆನ್ನಿಸಿದಾಗ ಪಾಟರ್ ಅವನಿಂದಲೇ ಪತ್ರವನ್ನು ಕಡ ಕೇಳಿ ತರಿಸಿಕೊಂಡಳು. ಪ್ರಕಾಶಕರು ಬೇಡ ಅಂದರು. 1901ರಲ್ಲಿ ತಾನೇ 250 ಪ್ರತಿ ಅಚ್ಚು ಹಾಕಿಸಿದಳು. ಆಮೇಲೆ 1902ರಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳ ಜೊತೆ ಅದನ್ನು ಪ್ರಕಟಿಸಿತು.

ಅಂದರೆ ಇಡೀ ಲೋಕ ಓದಿದ ಆ ನೀಲಿ ಕೋಟಿನ ಮೊಲದ ಕಥೆ ಹುಟ್ಟಿದ್ದು ಮಲಗಿರುವ ಒಂದು ಮಗುವಿಗೆ ಕಳಿಸಿದ ಕಾಗದದಲ್ಲಿ. ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಒಬ್ಬನೇ ಓದುಗ. ಕಾರ್ಡಿನಲ್ಲೂ ಅದೇ ಅಲ್ವಾ ಇರುವುದು?

ಅಚ್ಚಾದ ಕಾರ್ಡಿನ ಹುಟ್ಟು ಇದಕ್ಕೆ ಪೂರ್ತಿ ಉಲ್ಟಾ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್‌ಗೆ ಕ್ರಿಸ್‌ಮಸ್ ಸಮಯದಲ್ಲಿ ಅಷ್ಟೊಂದು ಜನರಿಗೆ ಪತ್ರ ಬರೆಯಲು ಪುರುಸೊತ್ತು ಇರಲಿಲ್ಲ. ಚಿತ್ರಕಾರ ಜಾನ್ ಕಾಲ್ಕಟ್ ಹಾರ್ಸ್ಲಿ ಕೈಯಲ್ಲಿ ಒಂದು ಚಿತ್ರ ಬರೆಸಿ ಸುಮಾರು 1000 ಪ್ರತಿ ಅಚ್ಚು ಹಾಕಿಸಿದ. ತಾನು ಬಳಸಿ ಉಳಿದದ್ದನ್ನು ಮಾರಾಟಕ್ಕಿಟ್ಟ. ವ್ಯಾಪಾರಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅಂತ ಅದನ್ನೇ ಹೇಳುತ್ತಾರೆ. ಕೆಲಸ ಜಾಸ್ತಿಯಿದ್ದ ಮನುಷ್ಯ, ಪಾಪ. ಅವನನ್ನು ಬಯ್ಯುವುದಿಲ್ಲ.

ಈಗ ಚಿತ್ರದ ಮಾತು. ಪಾತ್ರವನ್ನು ಗೊತ್ತುಮಾಡಿದ ತಕ್ಷಣ ಮಕ್ಕಳ ಬಾಯಿಂದ ಬರುವ ಮೊದಲ ಮಾತು, "ನಂಗೆ ಬರೆಯೋಕೆ ಬರಲ್ಲ. ನೀವೇ ಬರೆದುಕೊಡಿ." ನಾವು ಬರೆದುಕೊಟ್ಟರೆ ಕಾರ್ಡು ನಮ್ಮದಾಯಿತು. ಪುಸ್ತಕದ ಚಿತ್ರದ ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆಯುವುದೂ ನನಗೆ ಸರಿಬರುವುದಿಲ್ಲ. ಬಣ್ಣ ತುಂಬಲು ಅಂತ ಅಚ್ಚು ಹಾಕಿದ ರೆಡಿ ಹಾಳೆಗಳಂತೂ ಬೇಡವೇ ಬೇಡ. ಅದರಲ್ಲಿ ಮಗು ಮಾಡುವುದು ಗೆರೆಯಿಂದ ಆಚೆ ಹೋಗದ ಹಾಗೆ ನೋಡಿಕೊಳ್ಳುವ ಕಾವಲು ಕೆಲಸ ಮಾತ್ರ.

ನಾನು ಕೇಳುವುದು ಬೇರೆ. "ಇದು ಅದೇ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ? ಒಂದೇ ಒಂದು ಗುರುತು ಹೇಳು." ಮೊಲಕ್ಕೆ ಕಿವಿ. ಆಮೆಗೆ ಚಿಪ್ಪು. ಬಾಯಾರಿದ ಕಾಗೆಗೆ ಕೊಕ್ಕಿನಲ್ಲೊಂದು ಕಲ್ಲು. ನರಿಗೆ ಬಾಲ. ಆ ಒಂದು ಗುರುತನ್ನು ಚೆನ್ನಾಗಿ, ದೊಡ್ಡದಾಗಿ ಬರೆದರೆ ಮುಗಿಯಿತು. ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಕಾಗೆ ಕೋಳಿಯ ಹಾಗೆ ಕಂಡರೂ ಕೊಕ್ಕಿನಲ್ಲಿ ಕಲ್ಲಿದೆಯಲ್ಲ, ಗುರುತು ಸಿಕ್ಕೇ ಸಿಗುತ್ತದೆ.

ದೊಡ್ಡ ಕಲಾವಿದರೂ ಇದನ್ನೇ ಮಾಡಿದ್ದಾರೆ. ಡಚ್ ಕಲಾವಿದ ಡಿಕ್ ಬ್ರೂನಾ 1955ರಲ್ಲಿ ಮಿಫಿ ಅನ್ನುವ ಮೊಲದ ಮರಿಯನ್ನು ಬರೆದ. ಅದರ ಮುಖದಲ್ಲಿ ಇರುವುದು ಎರಡು ಚುಕ್ಕಿ ಕಣ್ಣು, ಬಾಯಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು. ಅಷ್ಟೇ. ನಗುವ ಬಾಯಿಲ್ಲ, ಅಳುವ ಬಾಯಿಲ್ಲ. ಆದರೂ ಅದು ಖುಷಿಯಾಗಿದೆಯೋ ಬೇಸರದಲ್ಲಿದೆಯೋ ಮಕ್ಕಳಿಗೆ ತಿಳಿಯುತ್ತದೆ. ಕಥೆ ಗೊತ್ತಿದ್ದರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. "ಬರಲ್ಲ" ಅನ್ನುವ ಮಗುವಿಗೆ ಆ ಮುಖವನ್ನು ಒಮ್ಮೆ ತೋರಿಸಿ. ತಕ್ಷಣ ಪೆನ್ಸಿಲ್ ಕೈಗೆ ಬರುತ್ತದೆ.

ತೀರಾ ಚಿಕ್ಕವರಿದ್ದರೆ ಇನ್ನೂ ಮಜಾ. ಮೂರು ನಾಲ್ಕು ವರ್ಷದ ಮಕ್ಕಳು ಮನುಷ್ಯನನ್ನು ಬರೆದರೆ ಒಂದು ದುಂಡು ತಲೆ, ಅದರ ಕೆಳಗೆ ನೇರವಾಗಿ ಎರಡು ಕಾಲು. ಹೊಟ್ಟೆಗಿಟ್ಟೆ ಏನೂ ಇಲ್ಲ. ರಾಜನೂ ಹಾಗೇ, ರಾಕ್ಷಸನೂ ಹಾಗೇ. ಇದು ಎಲ್ಲ ಕಡೆ ಕಾಣುವ ಹಂತ, ತಿದ್ದಬೇಕಾದ ತಪ್ಪಲ್ಲ. ಗಾತ್ರದ ಲೆಕ್ಕವೂ ಅವರದೇ. ಯಾರು ಮುಖ್ಯವೋ ಅವರು ದೊಡ್ಡವರು. ಇಲಿ ಮುಖ್ಯವಾದರೆ ಅದು ಸಿಂಹದಷ್ಟೇ ಇರುತ್ತದೆ. "ಇಲಿ ಚಿಕ್ಕದಲ್ವಾ ಪುಟ್ಟಾ?" ಅಂತ ಕೇಳುವ ಆಸೆಯನ್ನು ನುಂಗಿಕೊಳ್ಳಿ.

ಇನ್ನು ಕಾಗದ. ಇಲ್ಲಿ ಸ್ವಲ್ಪ ಉದ್ದ ಮಾತಾಡುತ್ತೇನೆ, ಯಾಕಂದರೆ ಮಕ್ಕಳು ಅರ್ಧದಲ್ಲಿ ಬಿಟ್ಟೆದ್ದು ಹೋಗುವುದು ಬಹಳ ಸಲ ಕಾಗದದ ಕಾಟಕ್ಕೇ. ಮಡಿಸಿದರೆ ಸೀಳುತ್ತದೆ, ಬಣ್ಣ ಹಚ್ಚಿದರೆ ಸುರುಳಿ ಸುತ್ತುತ್ತದೆ, ನಿಲ್ಲಿಸಿದರೆ ಮಗುಚುತ್ತದೆ. ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ. ಕೈ ಸರಿಯಾಗಿಯೇ ಇದೆ.

ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆ 75 ಅಥವಾ 80 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರ್ ಕಾಗದ ಅಷ್ಟು ಗ್ರಾಂ ತೂಗುತ್ತದೆ. ಕಾರ್ಡು ನಿಲ್ಲಬೇಕಾದರೆ ಇದು ಸಾಲದು. 200ರಿಂದ 250 ಜಿಎಸ್‌ಎಂ ಇದ್ದರೆ ಚೆನ್ನ. 300 ದಾಟಿದರೆ ಪುಟ್ಟ ಕೈಗೆ ಮಡಿಸುವುದು ಕಷ್ಟ. ಎ4 ಹಾಳೆಯ ಅಳತೆ 210 ಬೈ 297 ಮಿಲಿಮೀಟರ್. ಅದನ್ನು ಅರ್ಧ ಮಡಿಸಿದರೆ ಎ5, ಇನ್ನೊಮ್ಮೆ ಅರ್ಧ ಮಾಡಿದರೆ 105 ಬೈ 148ರ ಎ6. ಎಷ್ಟು ಸಲ ಅರ್ಧ ಮಾಡಿದರೂ ಆಕಾರ ಮಾತ್ರ ಅದೇ ಇರುವ ಹಾಗೆ ಈ ಅಳತೆಯನ್ನು ಮಾಡಿದ್ದಾರೆ. ಇದನ್ನು ಮಡಿಸಿ ಮಡಿಸಿ ನೋಡುವುದರಲ್ಲೇ ಕೆಲವು ಮಕ್ಕಳು ಮೈಮರೆಯುತ್ತಾರೆ. ಮರೆಯಲಿ ಬಿಡಿ, ಕಾರ್ಡು ಆಮೇಲೆ ಆಯಿತು.

ಮಡಿಕೆ ಸೀಳುವುದಕ್ಕೆ ಕಾರಣ ಕಾಗದದ ನಾರು. ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿನ ಜೊತೆಗೇ ಮಡಿಸಿದರೆ ಮಡಿಕೆ ನೀಟಾಗಿ ಕೂರುತ್ತದೆ. ಅಡ್ಡ ಮಡಿಸಿದರೆ ನಾರು ಮುರಿದು ಮಡಿಕೆಯ ಮೇಲೆ ಬಿಳಿ ಬಿರುಕು ಕಾಣುತ್ತದೆ. ಬಣ್ಣದ ದಪ್ಪ ಕಾಗದದಲ್ಲಂತೂ ಎದ್ದು ಕಾಣುತ್ತದೆ. ದಿಕ್ಕು ಕಂಡುಹಿಡಿಯುವುದು ಸುಲಭ. ಹಾಳೆಯನ್ನು ಮಡಿಸದೆ ಸುಮ್ನೆ ಬಾಗಿಸಿ ನೋಡಿ, ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ. ಎತ್ತ ಸಲೀಸಾಗಿ ಬಾಗುತ್ತದೋ ಅತ್ತ ಮಡಿಸಬಹುದು. ಮಕ್ಕಳ ಕೈಗೆ ಈ ವ್ಯತ್ಯಾಸ ನಮಗಿಂತ ಬೇಗ ತಿಳಿಯುತ್ತದೆ. ಮಡಿಸುವ ಮೊದಲು ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒಂದು ಗೆರೆ ಒತ್ತಿ ಎಳೆದರೆ ಮಡಿಕೆ ತಾನಾಗಿಯೇ ಅಲ್ಲೇ ಬೀಳುತ್ತದೆ. ಇಂಕು ಮುಗಿದ ಪೆನ್ನನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎಸೆಯುವುದಿಲ್ಲ.

ಸುರುಳಿ ಸುತ್ತುವುದಕ್ಕೂ ನಾರೇ ಕಾರಣ. ನೀರು ಕುಡಿದ ನಾರು ಊದಿಕೊಳ್ಳುತ್ತದೆ. ಒಂದೇ ಬದಿ ಒದ್ದೆಯಾದರೆ ಆ ಬದಿ ಹಿಗ್ಗಿ ಹಾಳೆ ಬಾಗುತ್ತದೆ. ಜಲವರ್ಣ ಹಚ್ಚುವ ಹಟ ಇದ್ದರೆ ಬೇರೆ ಹಾಳೆಯ ಮೇಲೆ ಬಣ್ಣ ಹಚ್ಚಿ, ಒಣಗಿಸಿ, ಕತ್ತರಿಸಿ, ಕಾರ್ಡಿಗೆ ಅಂಟಿಸುವುದು ಒಳ್ಳೆಯದು. ನೀರಿನ ಬಿಳಿ ಅಂಟು ಜಾಸ್ತಿಯಾದರೂ ಇದೇ ಗತಿ. ಕಾಗದಕ್ಕೆ ಕಾಗದ ಅಂಟಿಸಲು ಗ್ಲೂ ಸ್ಟಿಕ್ ಸಾಕು. ಗುಂಡಿ, ಬಟ್ಟೆ, ದಾರ ಅಂಟಿಸಲು ಮಾತ್ರ ಬಿಳಿ ಅಂಟು. ಎಲ್ಲ ಮುಗಿದ ಮೇಲೆ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟರೆ ಅರ್ಧ ಸೊಟ್ಟ ಸರಿಹೋಗುತ್ತದೆ. ಕಥೆಪುಸ್ತಕಗಳನ್ನೇ ಹೇರಿ, ಹೇಗೂ ಹೊರಗೆ ತೆಗೆದಿರುತ್ತೀರಲ್ಲ.

ಪಾತ್ರ ಕದಲಬೇಕು ಅನ್ನುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಬಂದಾಗ ಬೇಡ ಅನ್ನಬೇಡಿ. ಕಾಗದ ಕದಲಿಸುವುದು ಮಕ್ಕಳ ಪುಸ್ತಕಕ್ಕಿಂತ ಹಳೆಯ ವಿದ್ಯೆ. ತಿರುಗುವ ಕಾಗದದ ಚಕ್ರಗಳು ಯುರೋಪಿನ ಕೈಬರಹದ ಗ್ರಂಥಗಳಲ್ಲಿ 13ನೇ ಶತಮಾನದಲ್ಲೇ ಇದ್ದವು, ಅದೂ ದೊಡ್ಡವರ ಲೆಕ್ಕಾಚಾರಕ್ಕೆ. ಮಕ್ಕಳ ಪುಸ್ತಕಕ್ಕೆ ಇವು ಬಂದದ್ದು ಎಷ್ಟೋ ಕಾಲದ ಮೇಲೆ. 19ನೇ ಶತಮಾನದ ಕೊನೆಗೆ ಮ್ಯೂನಿಕ್‌ನ ಚಿತ್ರಕಾರ ಲೋಥರ್ ಮೆಗೆನ್‌ಡಾರ್ಫರ್ ಇದರಲ್ಲಿ ಎಂಥ ಕೈಚಳಕ ತೋರಿಸಿದ ಅಂದರೆ, ಒಂದೇ ಪಟ್ಟಿ ಎಳೆದರೆ ಚಿತ್ರದಲ್ಲಿರುವವನ ಕಣ್ಣು, ಕೈ, ಬಾಯಿ ಒಟ್ಟಿಗೆ ಕದಲುತ್ತಿದ್ದವು. ಪುಟದ ಒಳಗೆ, ಕಣ್ಣಿಗೆ ಬೀಳದ ಹಾಗೆ, ಸಣ್ಣ ತಂತಿಯ ಸುರುಳಿಗಳಿಂದ ಕಾಗದದ ಸನ್ನೆಗೋಲುಗಳನ್ನು ಜೋಡಿಸಿರುತ್ತಿದ್ದ.

ನಮಗೆ ಅಷ್ಟೆಲ್ಲ ಬೇಡ. ಆದರೆ ಒಂದು ವಿಷಯ ಮುಖ್ಯ. ಯಾವ ಕಥೆಗೆ ಯಾವ ಚಲನೆ ಅನ್ನುವುದನ್ನು ಮಗುವೇ ಹೇಳಬೇಕು. ಆ ಕ್ಷಮೆ ಕೇಳುವ ಮೊಸಳೆಗೆ ಬಾಯಿ ತೆರೆಯುವ ಕಾರ್ಡು ಸರಿಹೋಯಿತು. ಹಾಳೆಯನ್ನು ಮಡಿಸಿ, ಮಡಿಕೆಯ ನಡುವಿನಿಂದ ಒಳಕ್ಕೆ ಒಂದೇ ಒಂದು ಸೀಳು ಕತ್ತರಿಸುವುದು. ಸೀಳಿನ ಎರಡೂ ಅಂಚನ್ನು ತ್ರಿಕೋನವಾಗಿ ಹಿಂದಕ್ಕೂ ಮುಂದಕ್ಕೂ ಮಡಿಸುವುದು. ಆಮೇಲೆ ಕಾರ್ಡು ಬಿಡಿಸಿ ಆ ತ್ರಿಕೋನಗಳನ್ನು ಒಳಗಡೆಯಿಂದ ಎದುರಿಗೆ ತಳ್ಳುವುದು. ಕಾರ್ಡು ತೆರೆದರೆ ಬಾಯಿ ತೆರೆಯುತ್ತದೆ, ಮುಚ್ಚಿದರೆ ಮುಚ್ಚುತ್ತದೆ. ಮೊಸಳೆ "ತಪ್ಪಾಯ್ತು, ತಪ್ಪಾಯ್ತು" ಅಂತ ಎಷ್ಟು ಸಲ ಬೇಕಾದರೂ ಹೇಳುತ್ತದೆ. ಹಲ್ಲು ಬೇಕಾ ಬೇಡ್ವಾ ಅಂತ ಅಲ್ಲೊಂದು ದೊಡ್ಡ ಚರ್ಚೆ. ಕ್ಷಮೆ ಕೇಳುವವರು ಹಲ್ಲು ತೋರಿಸಬಾರದು ಅಂತ ತೀರ್ಮಾನವಾಗಿ, ಮೊಸಳೆ ಬೊಚ್ಚುಬಾಯಿಯಲ್ಲೇ ಹೋಯಿತು.

ಕಾಗೆ ಮತ್ತು ಹೂಜಿಯ ಕಥೆಗೆ ಎಳೆಯುವ ಪಟ್ಟಿ ಚೆನ್ನ. ಹೂಜಿಯಲ್ಲಿ ಒಂದು ಕಿಟಕಿ ಕತ್ತರಿಸಿ, ಹಿಂದೆ ನೀಲಿ ಪಟ್ಟಿ ಇಟ್ಟರೆ, ಎಳೆದಂತೆಲ್ಲ ನೀರು ಮೇಲೇರುತ್ತದೆ. ಪಟ್ಟಿಯ ತುದಿಗೆ ಅಡ್ಡವಾಗಿ ಒಂದು ತುಂಡು ಅಂಟಿಸಬೇಕು, ಇಲ್ಲದಿದ್ದರೆ ಮೊದಲ ಎಳೆತಕ್ಕೇ ಪಟ್ಟಿ ಕೈಗೆ ಬರುತ್ತದೆ.

ಕಾರ್ಡು ತೆರೆದ ಕೂಡಲೇ ಎದ್ದುನಿಲ್ಲುವ ಪಾತ್ರ ಎಲ್ಲರಿಗೂ ಬೇಕು. ಅದೂ ಕಷ್ಟವಲ್ಲ. ಮಡಿಸಿದ ಹಾಳೆಯ ಮಡಿಕೆಯ ಕಡೆಯಿಂದ ಪಕ್ಕಪಕ್ಕದಲ್ಲಿ ಒಂದೇ ಉದ್ದದ ಎರಡು ಸೀಳು ಕತ್ತರಿಸಿ, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿ. ಒಂದು ಮೆಟ್ಟಿಲು ಎದ್ದು ನಿಲ್ಲುತ್ತದೆ. ಅದರ ಮುಂಭಾಗಕ್ಕೆ ಪಾತ್ರವನ್ನು ಅಂಟಿಸಿದರೆ ಆಯಿತು. ಲೆಕ್ಕ ಒಂದೇ. ಸೀಳಿನ ಉದ್ದ, ಪಾತ್ರದ ಎತ್ತರ ಎರಡನ್ನೂ ಕೂಡಿದರೆ ಬರುವುದು ಮಡಿಕೆಯಿಂದ ಅಂಚಿನವರೆಗಿನ ಅಳತೆಗಿಂತ ಕಮ್ಮಿ ಇರಬೇಕು. ಆ ಅಳತೆ 105 ಮಿಲಿಮೀಟರ್ ಇದ್ದು, ಸೀಳು 30 ಮಿಲಿಮೀಟರ್ ಆದರೆ, ಮೊಲ 75 ಮಿಲಿಮೀಟರಿಗಿಂತ ಗಿಡ್ಡ ಇರಬೇಕು. ಇಲ್ಲದಿದ್ದರೆ ಕಾರ್ಡು ಮುಚ್ಚಿದಾಗ ಕಿವಿ ಹೊರಗೆ ಇಣುಕುತ್ತದೆ. ಇದನ್ನೆಲ್ಲ ಹೇಳಿಕೊಟ್ಟ ಮೇಲೂ ಒಬ್ಬಳು ಉದ್ದ ಕಿವಿಯನ್ನೇ ಇಟ್ಟಳು. ಕಿವಿ ಹೊರಗೆ ಕಂಡರೆ ಒಳಗೆ ಯಾರಿದ್ದಾರೆ ಅಂತ ಊಹಿಸಬಹುದು, ಅದಕ್ಕೇ ಬೇಕು ಅಂತ ಅವಳ ವಾದ. ಗಣಿತ ಸೋತಿತು, ಕಾರ್ಡು ಗೆದ್ದಿತು.

ಸೀಳುವುದಕ್ಕೆ ಚೂಪು ಬ್ಲೇಡು ಬೇಕಾದ ಕಡೆ ದೊಡ್ಡವರು ಮಾಡಿ. ನಾವು ಕೈ ಹಾಕಬೇಕಾದ ಜಾಗ ಅದೊಂದೇ.

ಕತ್ತರಿ ಹಿಡಿಯಲು ಬಾರದ ಮಕ್ಕಳಿಗೆ ಕಾಗದ ಹರಿಯುವ ಕೆಲಸ ಕೊಡಿ. ಅಮೆರಿಕದ ಮಕ್ಕಳ ಪುಸ್ತಕಗಳ ಚಿತ್ರಕಾರ ಎರಿಕ್ ಕಾರ್ಲ್ ತನ್ನ ಪುಸ್ತಕಗಳ ಚಿತ್ರಕ್ಕೆ ಮೊದಲು ತೆಳುವಾದ ಟಿಶ್ಯೂ ಕಾಗದಕ್ಕೆ ತಾನೇ ಬಣ್ಣ ಬಳಿದು, ಒಣಗಿದ ಮೇಲೆ ಕತ್ತರಿಸಿ ಅಂಟಿಸುತ್ತಿದ್ದ. ಬ್ರಷ್ಷಿನ ಗೀರುಗಳೇ ಹುಳುವಿನ ಮೈಯಾಗಿ, ಎಲೆಯ ನರವಾಗಿ ಕಾಣುತ್ತವೆ. ಮಕ್ಕಳು ಒಂದು ದಿನ ಬರೀ ಬಣ್ಣದ ಹಾಳೆ ಮಾಡಲಿ. ಬೆರಳಲ್ಲಿ, ಸ್ಪಂಜಿನಲ್ಲಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ. ಏನು ಚಿತ್ರ ಅಂತ ಕೇಳಬೇಡಿ. ಮಾರನೇ ದಿನ ಅದನ್ನೇ ಹರಿದು ಕೇಸರ, ಗರಿ, ಚಿಪ್ಪು ಮಾಡಿಕೊಳ್ಳುತ್ತಾರೆ. ಹರಿದ ಅಂಚು ಕತ್ತರಿಸಿದ ಅಂಚಿಗಿಂತ ಪ್ರಾಣಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಅದೇ ಕಾರ್ಲ್ ಒಮ್ಮೆ ಕಾಗದದ ಕಟ್ಟಿಗೆ ಪಂಚಿಂಗ್ ಯಂತ್ರದಿಂದ ತೂತು ಹೊಡೆಯುತ್ತಿದ್ದಾಗ ಪುಸ್ತಕ ತಿನ್ನುವ ಹುಳು ಅವನ ತಲೆಗೆ ಬಂತು. ಸಂಪಾದಕಿಯ ಸಲಹೆಯಿಂದ ಅದು ಚಿಟ್ಟೆಯಾಗುವ ಕಂಬಳಿಹುಳು ಆಯಿತು. 1969ರಲ್ಲಿ ಪುಟಗಳಲ್ಲಿ ನಿಜವಾದ ತೂತುಗಳಿರುವ ಪುಸ್ತಕವಾಗಿ ಹೊರಬಂತು. ತಪ್ಪಿ ತೂತು ಬಿದ್ದ ಕಾರ್ಡನ್ನು ಎಸೆಯುವ ಮೊದಲು ಈ ಕಥೆ ಹೇಳಿ ನೋಡಿ. ಆ ತೂತಿನಿಂದ ಯಾರಾದರೂ ಹೊರಗೆ ಬರುತ್ತಾರೆ.

ಒಳಗಿನ ಮಾತುಗಳ ಬಗ್ಗೆ ನನ್ನದೊಂದು ನಿಯಮ ಇದೆ. ಮಕ್ಕಳ ಕಾಗುಣಿತ ತಿದ್ದುವುದಿಲ್ಲ. "ಹುಟು ಹಬದ ಶುಬಾಷಯ" ಅಂತ ಬರೆದರೆ ಹಾಗೇ ಹೋಗಲಿ. ಒತ್ತಕ್ಷರ ಇವತ್ತಲ್ಲ ನಾಳೆ ಬಂದೇ ಬರುತ್ತದೆ, ಅದಿಲ್ಲದ ಈ ಕಾರ್ಡು ಮತ್ತೆ ಬರುವುದಿಲ್ಲ. ಮಗುವೇ ಕೇಳಿದರೆ ಹೇಳಿಕೊಡುವುದು, ಅಷ್ಟೇ. ಆದರೆ ಕಾರ್ಡು ಯಾರಿಗೋ ಅವರ ಹೆಸರು ಮಾತ್ರ ಸರಿಯಾಗಿ ಇರಲೇಬೇಕು. ಅದರಲ್ಲಿ ನಾನು ಬಗ್ಗುವುದಿಲ್ಲ. ಯಾರದೇ ಆಗಲಿ, ಅವರ ಹೆಸರನ್ನು ಸರಿಯಾಗಿ ಬರೆಯುವುದು ಮರ್ಯಾದೆ. ಅಕ್ಷರ ಬಾರದ ಚಿಕ್ಕವರು ಬಾಯಲ್ಲಿ ಹೇಳಲಿ, ನಾವು ಹೇಳಿದಂತೆಯೇ ಬರೆಯೋಣ. ನಡುವೆ "ಆಮೇಲೆ... ಆಮೇಲೆ... ಮತ್ತೇ..." ಅಂದರೆ ಅದನ್ನೂ ಬರೆಯಿರಿ. ಓದುವವರ ಕಿವಿಗೆ ಆ ಮಗುವಿನ ದನಿ ಬೀಳುವುದೇ ಅಲ್ಲಿ.

ಒಂದು ಚಿಕ್ಕ ಉಪಾಯ. ಪಾತ್ರದ ಬಾಯಿಂದ ಮಾತಿನ ಗುಳ್ಳೆ ಬರೆಯುವುದಾದರೆ ಮೊದಲು ಮಾತು ಬರೆದು, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ. ಗುಳ್ಳೆ ಮೊದಲು ಬರೆದರೆ ಅಕ್ಷರಗಳು ಕೊನೆಗೆ ಒಂದರ ಮೇಲೊಂದು ಹತ್ತಿ ಕೂರುತ್ತವೆ.

ಲಕೋಟೆಯನ್ನು ಮರೆತು ಕೂರಬೇಡಿ. ಎ6 ಕಾರ್ಡಿಗೆ ಸಿ6 ಲಕೋಟೆ, 114 ಬೈ 162 ಮಿಲಿಮೀಟರ್. ಗುಂಡಿ, ಮಣಿ ಅಂಟಿಸಿದ ಉಬ್ಬು ಕಾರ್ಡಾದರೆ ಇದು ಸಾಲದು, ಸ್ವಲ್ಪ ದೊಡ್ಡದು ಮಾಡಿಕೊಳ್ಳಬೇಕು.

ಎಲ್ಲ ಮಕ್ಕಳಿಗೂ ಇದು ಇಷ್ಟ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರು ಕತ್ತರಿಸುವುದಕ್ಕೆ ಮಾತ್ರ ಬರುತ್ತಾರೆ, ಕಾಗದದ ರಾಶಿ ಮಾಡಿ ಹೋಗುತ್ತಾರೆ. ಕೆಲವರಿಗೆ ಕಾರ್ಡು ಮುಗಿದ ಮೇಲೆ ಕೊಡಲು ಮನಸ್ಸೇ ಬರುವುದಿಲ್ಲ. "ಇದು ನಂಗೇ ಇರಲಿ" ಅಂತ ಎದೆಗೆ ಅವಚಿಕೊಳ್ಳುತ್ತಾರೆ. ಬಲವಂತ ಮಾಡಿ ಕಿತ್ತುಕೊಂಡರೆ ಅದು ಉಡುಗೊರೆ ಹೇಗಾಗುತ್ತದೆ? ಇಟ್ಟುಕೊಳ್ಳಲಿ. ಇನ್ನು ಕೆಲವರಿಗೆ ಒಳ್ಳೆಯ ಪಾತ್ರಗಳೇ ಬೇಡ, ರಾಕ್ಷಸನೇ ಬೇಕು. ಅಜ್ಜಿಯ ಹುಟ್ಟುಹಬ್ಬಕ್ಕೆ ರಾಕ್ಷಸನ ಕಾರ್ಡು ಕೊಟ್ಟರೆ ಅಜ್ಜಿ ನಗುತ್ತಾರೆಯೇ ಹೊರತು ಬೇಸರ ಮಾಡಿಕೊಳ್ಳುವುದಿಲ್ಲ.

ರಾಕ್ಷಸರ ಮಾತು ಬಂದಾಗಲೇ ಒಬ್ಬಳಿಗೆ ಅನುಮಾನ ಬಂದಿದ್ದು. ಇಷ್ಟು ದಿನ ಕಥೆಯವರು ನಮ್ಮವರಿಗೆ ಕಾರ್ಡು ಕಳಿಸಿದರು. ಅವರಿಗೆ ಯಾರು ಕಳಿಸುತ್ತಾರೆ? "ತೋಳಕ್ಕೆ ಯಾರಾದ್ರೂ ಯಾವತ್ತಾದ್ರೂ ಹುಟ್ಟುಹಬ್ಬದ ಕಾರ್ಡು ಕೊಟ್ಟಿದಾರಾ?" ಕೊಟ್ಟಿರಲಿಕ್ಕಿಲ್ಲ. ಎಲ್ಲರೂ ಕೂತು ತೋಳಕ್ಕೆ ಒಂದು ಕಾರ್ಡು ಮಾಡಿದರು. ಬೂದು ಬಣ್ಣ ಬಳಿದ ಹಾಳೆ ಹರಿದು ಬಾಲ, ಕಿಟಕಿಯಲ್ಲಿ ಮೂರು ಹಂದಿಮರಿಗಳ ಮೂತಿ. "ಇಲ್ಲಿ ಊದಬೇಡ, ನಿನ್ನ ಮೋಂಬತ್ತಿ ಊದು" ಅಂತ ಒಳಗೆ ಬರೆದರು. ವಿಳಾಸ ಏನು ಅನ್ನುವಲ್ಲಿ ಕೆಲಸ ನಿಂತಿತು. ಕಾಡು ಅಂದರೆ ತಲುಪುವುದಿಲ್ಲ. ಪುಸ್ತಕದ ಒಳಗೇ ಇಡೋಣ ಅಂತ ಒಬ್ಬ ಹೇಳಿದ. ಎಲ್ಲಿ, ಕೊನೇ ಪುಟದಲ್ಲಾ? ಅಷ್ಟರಲ್ಲಿ ಅದು ಕುದಿಯುವ ಹಂಡೆಗೆ ಬಿದ್ದಿರುತ್ತದೆ, ಓದೋದು ಯಾರು ಅಂತ ಇನ್ನೊಬ್ಬಳು ಗದರಿದಳು. ಹುಲ್ಲಿನ ಮನೆ ಊದುವ ಪುಟದಲ್ಲಿ ಇಟ್ಟರೂ ತಡವೇ. ಅದಕ್ಕೂ ಹಿಂದಿನ ಪುಟ ತೆಗೆದು, ತೋಳ ಇನ್ನೂ ಮರದ ಹಿಂದೆ ನಿಂತಿರುವಾಗಲೇ ಕೈಗೆ ಸಿಗುವ ಹಾಗೆ ಕಾರ್ಡು ಇಟ್ಟು, ಪುಸ್ತಕ ಮುಚ್ಚಿ, ಮುಂದಿನ ಕಾರ್ಡು ಮಾಟಗಾತಿಗೋ ಮಲತಾಯಿಗೋ ಅಂತ ಜಗಳ ಶುರು ಮಾಡಿದರು.